ಬಸ್ಸಿಲ್ಲದ ರೂಟಿನಲ್ಲಿ ಕಂಡಕ್ಟ್ರು ಮಾವ

ಹೋದ ವಾರ ಅಂಗಡಿಯಲ್ಲಿ ಮೇಲಿನ ಹಲಗೆ ಒರೆಸುತ್ತಿದ್ದಾಗ ಅಯೋಡಿನ್ ಬಾಟಲಿಯೊಂದು ಕೈಜಾರಿ ಬಿದ್ದು ಒಡೆಯಿತು. ಕಂದುಬಣ್ಣದ ನೀರು ನೆಲದ ಮೇಲೆ ಹರಿದು ಕೌಂಟರಿನ ಕೆಳಗೆ ನುಗ್ಗಿತು. ಗುಂಡ್ಲುಪೇಟೆಯ ಈ ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಎಲ್ಲ ಔಷಧಿಗಳ ವಾಸನೆಯೂ ನನ್ನ ಮೂಗಿಗೆ ಒಗ್ಗಿಹೋಗಿದೆ. ಆದರೆ ಅವತ್ತು ಆ ವಾಸನೆ ಎದ್ದ ಕೂಡಲೇ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಕಣ್ಣೆದುರು ಎರಡು ಅಂಗೈಗಳು ಬಂದವು. ಜಾಲಿ ಮುಳ್ಳು ಚುಚ್ಚಿ, ಗೀರಿ, ರಕ್ತ ಕಪ್ಪಾಗಿ ಒಣಗಿದ್ದ ಅಂಗೈಗಳು. ನಮ್ಮ ಪಕ್ಕದ ಮನೆಯ ಕಂಡಕ್ಟ್ರು ಮಾವನವು.

ಅವರು ನನಗೆ ಸಂಬಂಧದಲ್ಲಿ ಮಾವನಲ್ಲ. ಗುಂಡ್ಲುಪೇಟೆಯಿಂದ ತೆರಕಣಾಂಬಿ ಕಡೆಗೆ ಹೋಗುವ ರಸ್ತೆಯಲ್ಲಿರುವ ನಮ್ಮೂರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಗುಂಡ್ಲುಪೇಟೆಯಿಂದ ಚಾಮರಾಜನಗರ ದಾಟಿ ಚಂದಕವಾಡಿಯವರೆಗೆ ಹೋಗುತ್ತಿದ್ದ ಸರ್ಕಾರಿ ಬಸ್ಸಿನಲ್ಲಿ ಅವರು ಬಹಳ ವರ್ಷ ಕಂಡಕ್ಟರ್ ಆಗಿದ್ದರು. ಹಾಗಾಗಿ ಊರಿಗೆಲ್ಲ ಕಂಡಕ್ಟ್ರು, ನನಗೆ ಕಂಡಕ್ಟ್ರು ಮಾವ. ಸಣಕಲು ಮೈ, ಸ್ವಲ್ಪ ಬಾಗಿದ ಬೆನ್ನು. ಬಸ್ಸಿನಲ್ಲಿ ಕಿರುಚಿ ಕಿರುಚಿ ಗಂಟಲು ಒಡೆದುಹೋಗಿ ಮನೆಯಲ್ಲಿ ಮಾತಾಡಿದರೂ ಯಾರನ್ನೋ ದೂರದಿಂದ ಕೂಗಿದ ಹಾಗೆ ಕೇಳುತ್ತಿತ್ತು. ಫುಟ್‌ಬೋರ್ಡಿನ ಮೇಲೆ ನಿಂತವರನ್ನು ಒಳಗೆ ಕಳಿಸದೆ ಬಸ್ ಬಿಡಿಸುತ್ತಿರಲಿಲ್ಲ. ಹೊತ್ತಾಯಿತೆಂದು ಜನ ಬೈದರೂ ಸುಮ್ಮನಿರುತ್ತಿದ್ದರು. ಎಲ್ಲರೂ ಒಳಗೆ ಸರಿದ ಮೇಲೇ ಅವರ ಬಾಯಿಂದ ‘ರೈಟ್’ ಬರುತ್ತಿದ್ದುದು.

ಮೊದಲ ಲಾಕ್‌ಡೌನ್ ಬಂದಾಗ ಬಸ್ಸು ನಿಂತಿತು. ಮದುವೆ ಮುರಿದುಕೊಂಡು ತವರಿಗೆ ಬಂದಿದ್ದ ನನಗೆ ಈ ಅಂಗಡಿಯ ಕೆಲಸವೇ ಆಧಾರ. ಔಷಧಿ ಅಂಗಡಿ ಮುಚ್ಚುವ ಹಾಗಿರಲಿಲ್ಲ. ಯಜಮಾನರು ಪಾಸು ಮಾಡಿಸಿಕೊಟ್ಟರು, ಆದರೆ ಬರುವುದು ಹೇಗೆ? ಎರಡು ದಿನ ನಡೆದೆ. ಬಿಸಿಲಿಗೆ ತಲೆ ಸುತ್ತಿ ದಾರಿ ಬದಿಯ ಹುಣಸೆಮರದ ಕೆಳಗೆ ಕೂತದ್ದನ್ನು ಯಾರೋ ಹೋಗಿ ಮಾವನಿಗೆ ಹೇಳಿದ್ದರು. ಮಾರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಮಾವ ಸೈಕಲ್ಲೊಂದನ್ನು ಹಿಡಿದುಕೊಂಡು ನಿಂತಿದ್ದರು. ಮದುವೆಯಾಗಿ ಕೊಳ್ಳೇಗಾಲದ ಕಡೆ ಹೋಗಿದ್ದ ಅವರ ಮಗಳಿಗೆ ಹೈಸ್ಕೂಲಿನಲ್ಲಿ ಕೊಟ್ಟಿದ್ದ ಸೈಕಲ್ಲು. ಕೊಟ್ಟಿಗೆಯಲ್ಲಿ ಧೂಳು ಹಿಡಿದಿದ್ದುದನ್ನು ತೊಳೆದು, ಚೈನಿಗೆ ಎಣ್ಣೆ ಬಿಟ್ಟು ತಂದಿದ್ದರು.

“ನಂಗೆ ಬರಲ್ಲ ಮಾವ,” ಅಂದೆ. ನಿಜಕ್ಕೂ ಬರುತ್ತಿರಲಿಲ್ಲ. ಹುಡುಗಿಯಾಗಿದ್ದಾಗ ಯಾರೂ ಕಲಿಸಲಿಲ್ಲ, ಆಮೇಲೆ ಕೇಳುವ ವಯಸ್ಸು ದಾಟಿತ್ತು.

“ಬರಲ್ಲ ಅಂತ ಗೊತ್ತು ಕಣಮ್ಮಿ. ಅದ್ಕೇ ತಂದಿವ್ನಿ. ಏರು.”

ಊರ ಮುಂದಿನ ಕಣದಲ್ಲಿ ಸೀಟು ಹಿಡಿದುಕೊಂಡು ನನ್ನ ಹಿಂದೆ ಓಡಿದರು. ಒಂದೇ ಸೈಕಲ್ಲನ್ನು ಇಬ್ಬರು ಮುಟ್ಟುವಂತಿಲ್ಲ ಅಂತ ಮೊದಲೇ ಮೂಗು ಬಾಯಿಗೆ ಟವೆಲ್ ಬಿಗಿದು, ನನಗೂ ಸೆರಗು ಕಟ್ಟಿಸಿ, ಕಲಿಸಿ ಮುಗಿದ ಮೇಲೆ ಸೀಟು ಹ್ಯಾಂಡಲ್ಲು ಎಲ್ಲ ಸೋಪಿನ ನೀರಲ್ಲಿ ಒರೆಸುತ್ತಿದ್ದರು. ನಾನು ಬಿದ್ದಾಗ ಮಾತ್ರ ಆ ದೂರವೆಲ್ಲ ಮರೆತು ಓಡಿ ಬಂದು ಎತ್ತುತ್ತಿದ್ದರು. ಎತ್ತಿದ ಮೇಲೆ ನೆನಪಾಗಿ ಮತ್ತೆ ಹಿಂದಕ್ಕೆ ಸರಿಯುತ್ತಿದ್ದರು. ಆ ದಿನಗಳಲ್ಲಿ ನಾನು ನಕ್ಕದ್ದು ಅದೊಂದಕ್ಕೇ ಇರಬೇಕು…

ಕಣದಲ್ಲಿ ತುಳಿಯಲು ಬಂದ ಮೇಲೆ ರಸ್ತೆಗೆ ಇಳಿಸಿದರು. ಮುಂದೆ ನಾನು, ಒಂದಷ್ಟು ದೂರ ಬಿಟ್ಟು ಹಿಂದೆ ತಮ್ಮ ಹಳೆಯ ಸೈಕಲ್ಲಿನಲ್ಲಿ ಅವರು. ಅಂಥ ರಸ್ತೆಯನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಕೇರಳದ ಕಾರಿಲ್ಲ, ಈರುಳ್ಳಿ ಲಾರಿಯಿಲ್ಲ. ಟಾರಿನ ಮೇಲೆ ಗೊರವಂಕಗಳು ಕೂತಿರುತ್ತಿದ್ದವು. ಎರಡೂ ಕಡೆ ಹೊಲಗಳಲ್ಲಿ ಕೀಳುವವರಿಲ್ಲದೆ ಚೆಂಡುಹೂವು ಗಿಡದಲ್ಲೇ ಕೊಳೆಯುತ್ತಿತ್ತು. ಖಾಲಿ ರಸ್ತೆ ಕಂಡು ನನಗೆ ಹುಮ್ಮಸ್ಸು ಬಂದು ನಡುವಿನ ಬಿಳಿ ಗೆರೆಯ ಮೇಲೆ ಬಿಟ್ಟುಕೊಂಡು ಹೋದೆ. ಹಿಂದಿನಿಂದ ಬಸ್ಸಿನ ಗಂಟಲಲ್ಲಿ ಕೂಗು ಬಂತು.

“ಎಡಕ್ ಬಾರಮ್ಮಿ! ಖಾಲಿ ಐತೆ ಅಂತ ನಡುಕ್ ಓಗ್ತೀಯಲ್ಲ. ಖಾಲಿ ರೋಡ್ನಲ್ಲೇ ಗಾಡಿಯೋರು ಕಣ್ ಮುಚ್ಕಂಡು ಬರದು.”

ಅವರು ಹೇಳಿ ಮುಗಿಸುವಷ್ಟರಲ್ಲಿ ಟೊಮೆಟೊ ತುಂಬಿದ ಪಿಕಪ್ಪೊಂದು ನಮ್ಮನ್ನು ಸವರಿಕೊಂಡೇ ಹೋಯಿತು. ಅಂದಿನಿಂದ ನಾನು ಎಡದಂಚು ಬಿಡಲಿಲ್ಲ. ತಿರುಗುವ ಮೊದಲು ಕೈ ಚಾಚುವುದು, ಪಕ್ಕಪಕ್ಕಕ್ಕೆ ತುಳಿಯದೆ ಹಿಂದೆ ಮುಂದೆ ಹೋಗುವುದು, ನಡೆದು ಹೋಗುವವರು ಕಂಡರೆ ದೂರದಿಂದಲೇ ಒಂದು ಸಲ ಬೆಲ್ ಮಾಡಿ ಅಗಲವಾಗಿ ಬಳಸಿಕೊಂಡು ಹೋಗುವುದು, ಎಲ್ಲ ಅವರು ಕಲಿಸಿದ್ದು. ಆಗ ನಡೆದು ಹೋಗುವವರು ಬಹಳ ಜನ ಇದ್ದರು. ಕೇರಳದ ಶುಂಠಿ ಹೊಲಗಳಿಂದ, ಕೊಡಗಿನ ತೋಟಗಳಿಂದ ಗಂಟು ಹೊತ್ತು ವಾಪಸ್ ಬರುತ್ತಿದ್ದ ನಮ್ಮ ಕಡೆಯ ಕೂಲಿಯವರು. ಹಿಂದಿನಿಂದ ಟ್ರಿಣ್ ಟ್ರಿಣ್ ಅಂತ ಬೆಲ್ ಬಡಿದರೆ ಅವರು ಬೆಚ್ಚಿ ಪಕ್ಕಕ್ಕೆ ಹಾರುತ್ತಿದ್ದರು. “ಪೊಲೀಸ್ನೋರು ಅಂದ್ಕಂಡು ಎದ್ರುಕತಾರೆ, ಮೆಲ್ಲಕೆ ಒಂದ್ಸಲ ಮಾಡು ಸಾಕು,” ಅನ್ನುತ್ತಿದ್ದರು ಮಾವ.

ಗುಂಡ್ಲುಪೇಟೆ ಊರೊಳಗೆ ಬರುವ ಕಡೆ ಬ್ಯಾರಿಕೇಡ್ ಹಾಕಿ ಪೊಲೀಸರು ನಿಂತಿರುತ್ತಿದ್ದರು. ಸ್ಕೂಟರಿನವರು ಅವರನ್ನು ತಪ್ಪಿಸಲು ಹೊಲದ ಬದುವಿನಲ್ಲಿ ನುಗ್ಗುತ್ತಿದ್ದರು. ಸೈಕಲ್ಲಿನವರನ್ನು ಯಾರೂ ಕೇಳುತ್ತಿರಲಿಲ್ಲ. ಆದರೂ ಮಾವ ಇಳಿದು, ಸ್ಟ್ಯಾಂಡ್ ಹಾಕಿ, ನನ್ನ ಪಾಸನ್ನು ದೂರದಿಂದಲೇ ಎತ್ತಿ ತೋರಿಸಿ, ಪೊಲೀಸಿನವರು ತಲೆಯಾಡಿಸಿದ ಮೇಲೇ ಹೊರಡುತ್ತಿದ್ದುದು. ಕೇಳದೇ ಇದ್ದವರಿಗೆ ಯಾಕೆ ತೋರಿಸಬೇಕು ಅಂತ ನಾನೊಮ್ಮೆ ಅಂದೆ.

“ಅವ್ರು ಬಿಸ್ಲಲ್ಲಿ ನಿಂತಿರದು ನಮ್ಗೇ ತಾನೆ? ನಿಂತು ತೋರುಸ್ಬುಟ್ಟು ಓದ್ರೆ ನಮ್ಗೇನ್ ಸವೀತದೆ?” ಅಂದರು.

ಹೀಗಿರುವಾಗ ಅಂಗಡಿಗೆ ಫೋನುಗಳು ಬರತೊಡಗಿದವು. ತೆರಕಣಾಂಬಿ ಕಡೆಯ ಹಳ್ಳಿಗಳಿಂದ ತಿಂಗಳು ತಿಂಗಳು ಬಂದು ಔಷಧಿ ಒಯ್ಯುತ್ತಿದ್ದವರು. ಸಕ್ಕರೆ ಕಾಯಿಲೆಯವರು, ಬಿಪಿಯವರು, ಉಬ್ಬಸದವರು. ಬಸ್ಸಿಲ್ಲ, ಮಾತ್ರೆ ಮುಗಿಯುತ್ತಿದೆ, ಏನು ಮಾಡುವುದು? ಯಜಮಾನರಿಗೆ ವಯಸ್ಸಾಗಿತ್ತು. ನಾನು ಈ ಮಾತನ್ನು ಮನೆಗೆ ಬಂದು ಅಮ್ಮನಿಗೆ ಹೇಳುತ್ತಿದ್ದುದು ಗೋಡೆಯಾಚೆ ಕೇಳಿಸಿರಬೇಕು. ಮಾರನೆಯ ದಿನ ಮಾವ ನನ್ನ ಜೊತೆ ಅಂಗಡಿಗೇ ಬಂದರು. “ಬಸ್ಸಿಲ್ದಿದ್ರೇನಂತೆ, ರೂಟು ಅದೇ ಅಲ್ವಾ? ಎಲ್ರ ಮನೆನೂ ನಂಗೊತ್ತು. ಕೊಡಿ, ತಲುಪುಸ್ಬುಡ್ತೀನಿ,” ಅಂದರು. ತಾಲ್ಲೂಕು ಆಫೀಸಿಗೆ ಹೋಗಿ ತಮ್ಮ ಹೆಸರಿಗೆ ಪಾಸು ಮಾಡಿಸಿಕೊಂಡ ಮೇಲೆಯೇ ಮೊದಲ ಪೊಟ್ಟಣ ಮುಟ್ಟಿದ್ದು.

ಕ್ಯಾರಿಯರಿಗೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತಿದ್ದರು. ಯಾರ ಮನೆಯೊಳಗೂ ಹೋಗುತ್ತಿರಲಿಲ್ಲ. ಕವರನ್ನು ಜಗುಲಿಯ ಮೇಲಿಟ್ಟು, ಬೀದಿಗೆ ಸರಿದು ನಿಂತು ಕೂಗುತ್ತಿದ್ದರು. ನೀರು ಕೊಟ್ಟರೂ ಕುಡಿಯುತ್ತಿರಲಿಲ್ಲ. ಒಂದು ಮನೆ ಮುಗಿದರೆ ಸೈಕಲ್ ಏರಿ ತಮಗೆ ತಾವೇ ‘ರೈಟ್’ ಅಂದುಕೊಂಡು ಮುಂದಿನ ಮನೆಗೆ. ಹುಡುಗರು ಅದನ್ನೇ ಅನುಕರಿಸಿ ಹಿಂದಿನಿಂದ ರೈಟ್ ರೈಟ್ ಅಂತ ಕೂಗುತ್ತಿದ್ದರಂತೆ. ಅದನ್ನು ಹೇಳುವಾಗ ಅವರ ಮುಖದಲ್ಲಿ ಒಂದು ಗೆಲುವಿತ್ತು. ಬಸ್ಸು ನಿಂತ ಮೇಲೆ ಆ ಮುಖದಲ್ಲಿ ಅದನ್ನು ಕಂಡದ್ದು ಆಗಲೇ.

ಅವರು ಔಷಧಿ ಒಯ್ಯುತ್ತಿದ್ದ ಊರುಗಳಲ್ಲಿ ಒಂದು ಹಳ್ಳಿಯಿತ್ತು, ಹೆಸರು ಇಲ್ಲಿ ಬೇಡ. ಮುಖ್ಯರಸ್ತೆಯಿಂದ ಸ್ವಲ್ಪ ಒಳಗಿದೆ. ಅಲ್ಲೊಬ್ಬಳು ಹೆಣ್ಣುಮಗಳಿದ್ದಳು. ಸಣ್ಣ ವಯಸ್ಸು, ಸೊಂಟದ ಮೇಲೆ ಇನ್ನೂ ಹಾಲು ಕುಡಿಯುವ ಕೂಸು. ಚಿಕ್ಕಂದಿನಿಂದ ಅವಳಿಗೆ ಫಿಟ್ಸ್ ಬರುತ್ತಿತ್ತು. ದಿನಾ ಮಾತ್ರೆ ತೆಗೆದುಕೊಂಡರೆ ಏನೂ ತೊಂದರೆಯಿಲ್ಲ, ಬಿಟ್ಟರೆ ಕಷ್ಟ. ಪ್ರತಿ ತಿಂಗಳೂ ತಾನೇ ಬಂದು ನಮ್ಮ ಕೌಂಟರಿನ ಮೇಲೆ ಮಗುವನ್ನು ಕೂರಿಸಿಕೊಂಡು ಮಾತ್ರೆ ಒಯ್ಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಒಂದು ಸಲ ಮಾವನ ಬಸ್ಸಿನಲ್ಲೇ ಅವಳಿಗೆ ಫಿಟ್ಸ್ ಬಂದಿತ್ತು. ಜನ ಕೈಗೆ ಕಬ್ಬಿಣ ಕೊಡಿ ಅಂತ ಗದ್ದಲ ಮಾಡುತ್ತಿದ್ದಾಗ ಮಾವ ಎಲ್ಲರನ್ನೂ ಹಿಂದೆ ಸರಿಸಿ, ಅವಳನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಸ್ಸನ್ನು ಸೀದಾ ತೆರಕಣಾಂಬಿ ಆಸ್ಪತ್ರೆ ಮುಂದೆ ನಿಲ್ಲಿಸಿದ್ದರಂತೆ. ಅವಳೇ ನನಗೆ ಹೇಳಿದ್ದು. ಲಾಕ್‌ಡೌನ್ ಬಂದಾಗ ಅವಳ ಗಂಡ ಕೇರಳದ ಶುಂಠಿ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದ. ಮನೆಯಲ್ಲಿ ಅವಳು, ಅತ್ತೆ, ಕೂಸು. ಪಕ್ಕದ ಮನೆಯವರ ಫೋನಿನಿಂದ ಅಂಗಡಿಗೆ ಮಾಡಿದ್ದಳು.

“ಅಕ್ಕ, ಮಾತ್ರೆ ಮುಗೀತಾ ಬತ್ತಾ ಅವೆ. ಏನ್ ಮಾಡ್ಲಕ್ಕ?”

“ಕಂಡಕ್ಟ್ರು ತತ್ತಾರೆ ಕಣೆ, ಎದ್ರುಕೋಬೇಡ,” ಅಂದೆ. ಕವರಿಗೆ ಮಾತ್ರೆ ಹಾಕಿ ಅವಳ ಹೆಸರು ಬರೆದು ಕಟ್ಟಿದವಳೂ ನಾನೇ.

ಅವತ್ತು ಸಂಜೆ ಮಾವ ಅಂಗಡಿಗೆ ಬಂದಾಗ ಪೆಟ್ಟಿಗೆ ಖಾಲಿಯಾಗಿತ್ತು, ಆದರೆ ಮುಖ ಸರಿಯಿರಲಿಲ್ಲ. ಆ ಊರಿನ ದಾರಿಗೆ ಜಾಲಿಮುಳ್ಳು ಕಡಿದು ಬೇಲಿ ಹಾಕಿದ್ದರಂತೆ. ಹೊರಗಿನವರು ಯಾರೂ ಬರಬಾರದು ಅಂತ ದೊಣ್ಣೆ ಹಿಡಿದ ನಾಲ್ಕಾರು ಗಂಡಸರು ಕಾವಲಿದ್ದರು. ಎಲ್ಲರೂ ಗುರುತಿನವರೇ. ಎಷ್ಟೋ ವರ್ಷ ಅವರ ಬಸ್ಸಿನಲ್ಲಿ ಓಡಾಡಿದವರೇ.

“ಗುಂಡ್ಲುಪೇಟಿಂದ ರೋಗ ಹೊತ್ಕಂಡ್ ಬಂದಿದ್ದೀಯಾ, ಓಗು ಓಗು ಅಂದ್ಬುಟ್ರು ಕಣಮ್ಮಿ. ಪಾಸ್ ತೋರುಸ್ದೆ. ಪಾಸು ನಿಮ್ ಪೊಲೀಸ್ನೋರ್ಗೆ ತೋರ್ಸು ಅಂದ್ರು. ಆ ಹೆಣ್ಮಗೀನ ಕರೀರಪ್ಪ, ದೂರದಿಂದ್ಲೇ ಕೊಟ್ಬುಟ್ಟು ಓಯ್ತೀನಿ ಅಂದೆ. ಕರೀನಿಲ್ಲ. ಕೊನೆಗೆ ಬೇಲಿಗೆ ನೇತಾಕ್ಬುಟ್ಟು ಓಗು, ನಾವೇ ಕೊಡ್ತೀವಿ ಅಂದ್ರು. ನೇತಾಕ್ಬುಟ್ಟು ಬಂದೆ.”

“ಕೊಡ್ತಾರೆ ಬುಡಿ ಮಾವ,” ಅಂದೆ. ಇಬ್ಬರೂ ಹಾಗೇ ನಂಬಿದೆವು.

ಮತ್ತೆ ಅವಳ ಫೋನು ಬರಲಿಲ್ಲ. ಮಾತ್ರೆ ಸಿಕ್ಕಿರಬೇಕು ಅಂದುಕೊಂಡೆ. ನಾನೇ ಒಮ್ಮೆ ಆ ನಂಬರಿಗೆ ಮಾಡಿದೆ, ಸ್ವಿಚ್ ಆಫ್ ಆಗಿತ್ತು. ಹಳ್ಳಿಯ ಕಡೆ ಅದೇನೂ ಹೊಸದಲ್ಲ. ಮುಂದಿನ ಭಾನುವಾರ ಅಂಗಡಿ ಮಧ್ಯಾಹ್ನಕ್ಕೇ ಮುಚ್ಚಿತು. ಅದೇ ಕಡೆಗೆ ಬೇರೆಯವರ ಔಷಧಿಯೂ ಇತ್ತು. ಅವಳನ್ನೂ ನೋಡಿಕೊಂಡು ಬರಬಹುದು ಅಂತ ನಾನೂ ಮಾವನ ಜೊತೆ ಹೊರಟೆ. ಅಷ್ಟು ದೂರ ನಾನು ಸೈಕಲ್ ತುಳಿದದ್ದು ಅದೇ ಮೊದಲು. ಮಾವ ಎಡದಂಚಿನಲ್ಲಿ ಮುಂದೆ, ನಾನು ಹಿಂದೆ. ಏರು ಬಂದ ಕಡೆ ಅವರು ಇಳಿದು ತಳ್ಳುತ್ತಿದ್ದರು, ನನಗೆ ಸುಸ್ತಾಗಿದೆ ಅಂತ ಗೊತ್ತಾಗಿಯೇ ಇಳಿಯುತ್ತಿದ್ದರು.

ಬೇಲಿ ಹಾಗೇ ಇತ್ತು. ಅದರಾಚೆ ಬೇವಿನಮರದ ನೆರಳಲ್ಲಿ ಗಂಡಸರು ಕೂತಿದ್ದರು. ನಮ್ಮನ್ನು ಕಂಡು ಎದ್ದರು, ಆದರೆ ಈ ಸಲ ಯಾರೂ ಕೂಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವ ಸೈಕಲ್ಲಿಂದ ಇಳಿದು ದೂರದಲ್ಲೇ ನಿಂತು ಕೇಳಿದರು.

“ಆ ಮಗೀಗೆ ಮಾತ್ರೆ ಕೊಟ್ರೇನ್ರಪ್ಪಾ?”

ಅಷ್ಟರಲ್ಲಿ ಮರದ ಹಿಂದಿನ ಮನೆಯಿಂದ ಮುದುಕಿಯೊಬ್ಬಳು ಕೂಸನ್ನು ಎತ್ತಿಕೊಂಡು ಬಂದಳು. ಆ ಕೂಸನ್ನು ನಾನು ನಮ್ಮ ಕೌಂಟರಿನ ಮೇಲೆ ನೋಡಿದ್ದೆ. ಮುದುಕಿ ಅವಳ ಅತ್ತೆ.

“ಯಾಕಪ್ಪ ಬಂದೆ ಈಗ? ಯಾರ್ಗೆ ತಂದಿದ್ದೀಯೆ? ಅವ್ಳೇ ಇಲ್ವಲ್ಲಪ್ಪೋ…”

ಎರಡು ದಿನ ಮಾತ್ರೆಯಿಲ್ಲದೆ ಇದ್ದಳಂತೆ. ಮೂರನೆಯ ಬೆಳಿಗ್ಗೆ ಒಲೆಯ ಮುಂದೆ ಬಿದ್ದವಳಿಗೆ ಒಂದು ನಿಂತ ಕೂಡಲೇ ಇನ್ನೊಂದು ಫಿಟ್ಸ್ ಬಂತಂತೆ. ಆಟೊದವನು ಬರಲು ಹೆದರಿದ. ಆಂಬುಲೆನ್ಸಿಗೆ ಫೋನ್ ಮಾಡಿ, ಅದಕ್ಕೆ ದಾರಿ ಬಿಡಿಸುವುದೋ ಬೇಡವೋ ಅಂತ ಇವರು ಮಾತಾಡಿಕೊಳ್ಳುವಷ್ಟರಲ್ಲಿ… ಗಂಡ ಕೇರಳದ ಗಡಿಯಲ್ಲಿ ನಿಂತು ಅತ್ತನಂತೆ. ಬಿಡಲಿಲ್ಲ. ಅವನು ಬರುವ ಮೊದಲೇ ಮಣ್ಣು ಮಾಡಿದ್ದರು.

“ಕವರು?” ಅಂದರು ಮಾವ. ಅವರ ಗಂಟಲಿಂದ ಅಷ್ಟು ಸಣ್ಣ ದನಿ ನಾನು ಕೇಳಿರಲಿಲ್ಲ.

ಮುಖಕ್ಕೆ ಚೌಕದ ಟವೆಲ್ ಸುತ್ತಿದ್ದ ಯುವಕನೊಬ್ಬ ನೆಲ ನೋಡಿಕೊಂಡೇ ಹೇಳಿದ. “ಕಡ್ಡೀಲಿ ಎತ್ತಿ ಬೆಂಕಿಗಾಕ್ಬುಟ್ವು ಕಣಣ್ಣ. ರೋಗ ಕವರ್ನಲ್ಲೇ ಬತ್ತದೆ ಅಂತ ಎಲ್ರೂ ಹೇಳ್ತಿದ್ರು… ಅದ್ರಲ್ಲಿ ಅವ್ಳ್ ಮಾತ್ರೆ ಐತೆ ಅಂತ ಗೊತ್ತಿತ್ತು. ಇನ್ನೊಂದ್ ಸಲ ತರುಸ್ಕಬೋದು ಅಂದ್ಕಂಡೊ.”

ಮಾವ ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತೇನೋ. ಅವರು ಸೈಕಲ್ಲನ್ನು ರಸ್ತೆ ಬದಿಗೆ ಒಯ್ದು ಸ್ಟ್ಯಾಂಡ್ ಹಾಕಿ ನಿಲ್ಲಿಸಿದರು. ಬೇಲಿಯ ಹತ್ತಿರ ಹೋಗಿ ಮೇಲಿನ ಕೊಂಬೆ ಹಿಡಿದು ಎಳೆದರು. ಒಣಗಿದ ಜಾಲಿ, ಬೆರಳುದ್ದದ ಮುಳ್ಳು. ಅದನ್ನು ಎಳೆದೊಯ್ದು ಚರಂಡಿಗೆ ಹಾಕಿ ಮತ್ತೊಂದನ್ನು ಹಿಡಿದರು.

“ಕಂಡಕ್ಟ್ರೇ, ಬ್ಯಾಡ ಕಣ್ರಿ, ಕೈಗೆ ಚುಚ್ಕತದೆ,” ಅಂತ ಯಾರೋ ಅಂದರು. ಯಾರೂ ಮುಂದೆ ಬರಲಿಲ್ಲ, ಯಾರೂ ತಡೆಯಲೂ ಇಲ್ಲ. ನಾನು ಹೋಗಿ ಕೈ ಹಾಕಿದೆ. “ನೀ ದೂರ ನಿಂತ್ಕಮ್ಮಿ,” ಅಂದರು, ನನ್ನ ಕಡೆ ನೋಡದೆ. ಕೂಸು ಮುದುಕಿಯ ಹೆಗಲ ಮೇಲಿಂದ ಅವರನ್ನೇ ನೋಡುತ್ತಿತ್ತು. ಕಡೆಯ ಕೊಂಬೆಯೂ ಹೋಗಿ ರಸ್ತೆ ಪೂರ್ತಿ ತೆರೆದ ಮೇಲೆ ಒಂದು ಆಟೊ ಹಿಡಿಸುವಷ್ಟಾಯಿತೇ ಅಂತ ಎರಡೂ ಬದಿ ನೋಡಿದರು. ಆಮೇಲೆ ಗಂಡಸರ ಕಡೆ ತಿರುಗಿದರು.

“ಇದು ಎಲ್ರೂ ಓಡಾಡೊ ರೋಡು ಕಣ್ರಪ್ಪ. ನಿಮ್ಗೆ ಎದ್ರಿಕೆ ಇದ್ರೆ ಮನೇಲಿರಿ, ಬಾಯಿಗ್ ಬಟ್ಟೆ ಕಟ್ಕಳಿ, ದೂರ ನಿಂತ್ಕಳಿ. ರೋಡ್ ಮುಚ್ಬೇಡಿ.”

ಅಷ್ಟೇ ಹೇಳಿದ್ದು. ದಾರಿ ತೆರೆದಿದ್ದರೂ ಅವರು ಊರೊಳಗೆ ಕಾಲಿಡಲಿಲ್ಲ. ಅಲ್ಲಿ ಕೊಡಬೇಕಾದ್ದು ಏನೂ ಉಳಿದಿರಲಿಲ್ಲ. ಮುದುಕಿಗೆ ಕೈ ಮುಗಿದು, ಸೈಕಲ್ ಏರಿ ಹೊರಟರು. ನಾನು ಹಿಂದೆ ಹೊರಟೆ. ಅವರು ರೈಟ್ ಅನ್ನಲಿಲ್ಲ. ಆಮೇಲೆ ಅವರು ಆ ಮಾತನ್ನು ಸೈಕಲ್ ಮೇಲೆ ಕೂತು ಅಂದದ್ದನ್ನು ನಾನು ಕೇಳಲೇ ಇಲ್ಲ.

ಅಂಗಡಿಯ ಅರ್ಧ ಬಾಗಿಲು ತೆಗೆದು ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಮುಳ್ಳಿನ ಮೊನೆಗಳನ್ನು ಒಂದೊಂದಾಗಿ ತೆಗೆದೆ. ಅಯೋಡಿನ್ ಹಚ್ಚಿದಾಗ ಉರಿದಿರಬೇಕು. ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

“ಅವತ್ತೇ ತೆಗೀಬೇಕಿತ್ತು ಕಣಮ್ಮಿ,” ಅಂದರು.

“ನೀವೇನ್ ಮಾಡಕಾಯ್ತಿತ್ತು ಮಾವ? ಅವ್ರು ದೊಣ್ಣೆ ಹಿಡ್ಕಂಡು ನಿಂತಿದ್ರು.”

“ಇವತ್ತೂ ಇಡ್ಕಂಡಿದ್ರಲ್ಲ. ಒಡುದ್ರಾ? ಅವತ್ತೂ ಒಡೀತಿರ್ನಿಲ್ಲ… ನಾನು ನನ್ ಪಾಡ್ಗೆ ಎಲ್ಲಾನೂ ಸರ್ಯಾಗ್ ಮಾಡ್ತಾ ಇವ್ನಿ, ದೂರ ನಿಂತಿವ್ನಿ, ಪಾಸ್ ಮಡಗಿವ್ನಿ ಅಂದ್ಕಂಡು ನಿಂತ್ಬುಟ್ಟೆ. ಬೇಲಿ ಹಾಕ್ದೋರು ಯಾರನ್ನ ಕೇಳಿ ಹಾಕಿದ್ರು?”

ನಾನು ಅವರ ಇನ್ನೊಂದು ಅಂಗೈಯನ್ನು ಬೆಳಕಿಗೆ ತಿರುಗಿಸಿ ಅಯೋಡಿನ್ ಹಚ್ಚಿದೆ.

ಅವರು ಔಷಧಿ ಒಯ್ಯುವುದನ್ನು ನಿಲ್ಲಿಸಲಿಲ್ಲ. ಎಡದಂಚನ್ನೂ ಬಿಡಲಿಲ್ಲ, ಬ್ಯಾರಿಕೇಡಿನ ಮುಂದೆ ಇಳಿಯುವುದನ್ನೂ ಬಿಡಲಿಲ್ಲ. ಬದಲಾದದ್ದು ಒಂದೇ. ಕವರನ್ನು ಯಾರ ಕೈಗೂ ಒಪ್ಪಿಸಿ ಬರುತ್ತಿರಲಿಲ್ಲ. ಯಾರ ಔಷಧಿಯೋ ಅವರೇ ಬಾಗಿಲಿಗೆ ಬಂದು ತೆಗೆದುಕೊಳ್ಳುವುದನ್ನು ಕಣ್ಣಾರೆ ನೋಡುವ ತನಕ ಬೀದಿಯಲ್ಲಿ ನಿಂತಿರುತ್ತಿದ್ದರು. ಹೊಲಕ್ಕೆ ಹೋಗಿದ್ದಾರೆ ಅಂದರೆ ಬರುವ ತನಕ. ಹೀಗಾಗಿ ಮನೆಗೆ ಬರುವಾಗ ಕತ್ತಲಾಗುತ್ತಿತ್ತು, ನಾನು ಅತ್ತೆ ಅನ್ನುತ್ತಿದ್ದ ಅವರ ಹೆಂಡತಿ ಬೈಯುತ್ತಿದ್ದರು. ನಾನು ಗೋಡೆಯಾಚೆ ಕೇಳುತ್ತಿದ್ದೆ. ಅವರ ಉತ್ತರ ಮಾತ್ರ ಕೇಳುತ್ತಿರಲಿಲ್ಲ. ಆ ದೊಡ್ಡ ಗಂಟಲು ತಗ್ಗಿಹೋಗಿತ್ತು.

ಬಸ್ಸುಗಳು ಮತ್ತೆ ಓಡಿದವು. ಮಾವ ಕೆಲಸಕ್ಕೆ ಹೋದರು. ಆ ಹಳ್ಳಿಗೆ ದಾರಿ ತೋರಿಸುವ ಕೈಕಂಬ ಬಂದಾಗ ತಾವೇ ಕೆಳಗಿಳಿದು ನಿಂತು, ಹತ್ತುವವರು ಹತ್ತಿ ಮುಗಿಸುವವರೆಗೆ ಒಳದಾರಿಯ ಕಡೆ ನೋಡುತ್ತಿದ್ದರು ಅಂತ ಡ್ರೈವರ್ ಒಬ್ಬರು ಆಮೇಲೆ ನನಗೆ ಹೇಳಿದರು. ರಿಟೈರ್ ಆಗಲು ಹೆಚ್ಚು ದಿನ ಇರಲಿಲ್ಲ. ಮಾರನೆಯ ವರ್ಷ ಬೇಸಿಗೆಯಲ್ಲಿ ಎರಡನೆಯ ಅಲೆ ಬಂತು, ಬಸ್ಸು ಮತ್ತೆ ನಿಂತಿತು, ಮಾವ ಮತ್ತೆ ಪಾಸು ಮಾಡಿಸಿ ಪೆಟ್ಟಿಗೆ ಕಟ್ಟಿದರು. ಈ ಸಲ ಊರುಗಳಲ್ಲಿ ಬೇಲಿಯಿರಲಿಲ್ಲ, ಮನೆ ಮನೆಯಲ್ಲಿ ಕೆಮ್ಮಿತ್ತು.

ಒಂದು ಬೆಳಿಗ್ಗೆ ಅವರು ಹೊರಡಲಿಲ್ಲ. ಪೆಟ್ಟಿಗೆಯನ್ನು ತೊಳೆದು ನಮ್ಮ ಜಗುಲಿಯ ಮೇಲಿಟ್ಟು ತಮ್ಮ ಕೋಣೆಯ ಕಿಟಕಿಯಿಂದ ಕೂಗಿದರು. “ಮೈ ಸುಡ್ತಾ ಐತೆ ಕಣಮ್ಮಿ. ಇನ್ಮೇಕೆ ನಾನ್ ಓಗಬಾರ್ದು. ಇವತ್ತಿಂದ ನೀನ್ ಓಗು. ಈ ಕಡೆ ಬರ್ಬ್ಯಾಡ.” ಅತ್ತೆಯನ್ನೂ ಹತ್ತಿರ ಸೇರಿಸಲಿಲ್ಲ. ಊಟದ ತಟ್ಟೆಯನ್ನು ಬಾಗಿಲ ಹೊರಗೆ ಇಡಿಸಿಕೊಳ್ಳುತ್ತಿದ್ದರು. ಉಸಿರು ಎಳೆಯತೊಡಗಿದ ದಿನ ಆಂಬುಲೆನ್ಸ್ ಬಂತು. ನಡೆದೇ ಹೋಗಿ ಹತ್ತಿದರು. ಬೀದಿಯವರೆಲ್ಲ ಬಾಗಿಲ ಸಂದಿಯಿಂದ ನೋಡಿದೆವು. ಬಸ್ಸಿನ ಜನವನ್ನೆಲ್ಲ ಒಳಗೆ ಸೇರಿಸಿದ ಮೇಲೆ ಹತ್ತುತ್ತಿದ್ದವರು ಅಂದು ಒಬ್ಬರೇ ಹತ್ತಿದರು.

ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದರು. ಅತ್ತೆಗೂ ಜ್ವರ ಬಂದು ಏಳುವಂತಿರಲಿಲ್ಲ, ಮಗಳು ಕೊಳ್ಳೇಗಾಲದಿಂದ ಬರುವಂತಿರಲಿಲ್ಲ. ಬಟ್ಟೆ, ಗಂಜಿಪುಡಿ, ಚಾರ್ಜರ್ ತಲುಪಿಸುವವರಿಲ್ಲ. ನಾನು ಬೆಳಕು ಹರಿಯುವ ಮುಂಚೆ ಸೈಕಲ್ ಹತ್ತಿದೆ. ತೆರಕಣಾಂಬಿ ದಾಟುವಾಗಲೇ ತೊಡೆ ನಡುಗುತ್ತಿತ್ತು. ದಾರಿಯಲ್ಲಿ ಸಿಕ್ಕ ಪ್ರತಿ ಚೆಕ್‌ಪೋಸ್ಟಿನಲ್ಲೂ ಇಳಿದು ಪಾಸು ತೋರಿಸಿದೆ. ಹಿಂದಿನಿಂದ ಸೈರನ್ ಕೇಳಿದಾಗಲೆಲ್ಲ ಟಾರು ಬಿಟ್ಟು ಮಣ್ಣಿಗೆ ಇಳಿದು ನಿಂತೆ. ಅವತ್ತು ಬಹಳ ಸಲ ಮಣ್ಣಿಗೆ ಇಳಿಯಬೇಕಾಯಿತು.

ಆಸ್ಪತ್ರೆಯ ಗೇಟಿನಲ್ಲಿ ಚೀಲ ಇಸಿದುಕೊಂಡರು. ಒಳಗೆ ಬಿಡುವ ಹಾಗಿರಲಿಲ್ಲ. ಎದುರಿನ ಮರದ ಕೆಳಗೆ ಬಹಳ ಹೊತ್ತು ಕಾದೆ. ಮಧ್ಯಾಹ್ನ ಅವರ ಫೋನ್ ಬಂತು.

“ಹೆಂಗಮ್ಮಿ ಬಂದೆ?” ಒಂದೊಂದು ಮಾತಿಗೂ ಉಸಿರು ತೆಗೆಯುತ್ತಿದ್ದರು.

“ಸೈಕಲ್ಲಲ್ಲಿ ಮಾವ.”

“ಅಷ್ಟ್ ದೂರ…” ಸ್ವಲ್ಪ ಹೊತ್ತು ಉಸಿರಾಟ ಮಾತ್ರ ಕೇಳಿಸಿತು. “ಎಡಕ್ಕೇ ಬಂದ್ಯಾ?”

“ಎಡಕ್ಕೇ ಬಂದೆ.”

“ಪಾಸು?”

“ಎಲ್ಲಾ ಕಡೆ ನಿಂತು ತೋರುಸ್ದೆ.”

“ಊ… ಬಿಸ್ಲು ತಗ್ಲಿ, ಆಮೇಲ್ ಓಗು. ಮೆಲ್ಲಕ್ ಓಗು.” ಇನ್ನೇನೋ ಹೇಳಲು ಹೊರಟರು. ಕೆಮ್ಮು ಬಂತು. ಯಾರೋ ಫೋನ್ ತೆಗೆದಿಟ್ಟರು.

ಅದೇ ಕಡೆಯ ಮಾತು. ಎರಡು ದಿನದ ಮೇಲೆ ಊರಿಗೆ ಸುದ್ದಿ ಬಂತು. ಬಿಳಿ ಉಡುಪು ತೊಟ್ಟವರು ಅಲ್ಲೇ ಎಲ್ಲ ಮುಗಿಸಿದರು. ಮಗಳು ಫೋನಿನಲ್ಲಿ ನೋಡಿದಳು. ಅತ್ತೆ ನೋಡಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದ್ದರು. ನಾನು ನಮ್ಮ ಕಡೆಯಿಂದ ಅದೇ ಗೋಡೆಗೆ ಒರಗಿ ಕೂತಿದ್ದೆ. ಮಾರನೆಯ ದಿನ ಮಾತ್ರೆಗೆ ಕಾಯುವವರಿದ್ದರು. ಪೆಟ್ಟಿಗೆ ಕಟ್ಟಿಕೊಂಡು ಹೊರಟೆ.

ಈಗ ಆ ರಸ್ತೆಯಲ್ಲಿ ದಾಟಲು ಕಾಯಬೇಕು, ಅಷ್ಟು ಗಾಡಿ. ಅತ್ತೆಯನ್ನು ಮಗಳು ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದಳು. ನಾನು ಇನ್ನೂ ಸೈಕಲ್ಲಿನಲ್ಲೇ ಅಂಗಡಿಗೆ ಬರುತ್ತೇನೆ. ಲಾರಿಗಳ ಗಾಳಿಗೆ ಹ್ಯಾಂಡಲ್ ಅಲುಗುತ್ತದೆ.

ಅಯೋಡಿನ್ ಒಡೆದ ಮಾರನೆಯ ದಿನ ಅಂಗಡಿಗೆ ಒಬ್ಬ ಗಂಡಸು ಬಂದ. ತಾಯಿಗೆ ಬಿಪಿ ಮಾತ್ರೆ ಬೇಕಿತ್ತು. ಚೀಟಿಯಲ್ಲಿದ್ದ ಊರಿನ ಹೆಸರು ನೋಡಿ ತಲೆಯೆತ್ತಿದೆ. ಮುಖಕ್ಕೆ ಟವೆಲ್ ಇರಲಿಲ್ಲ. ಆದರೆ ನೆಲ ನೋಡಿಕೊಂಡು ನಿಲ್ಲುವ ರೀತಿಯಿಂದ ಗುರುತು ಸಿಕ್ಕಿತು. ಅವನಿಗೂ ನನ್ನ ಗುರುತು ಸಿಕ್ಕಿರಬೇಕು. ಮಾತ್ರೆ ತೆಗೆದುಕೊಂಡ ಮೇಲೂ ಹೋಗಲಿಲ್ಲ.

“ಕಂಡಕ್ಟ್ರು ಈಗೆಲ್ಲವ್ರೆ ಅಕ್ಕ? ರಿಟೈರಾದ್ರಾ?”

“ತೀರ್ಕಂಡ್ರು. ಎರಡ್ನೇ ಸಲ ಬಂತಲ್ಲ, ಅದ್ರಲ್ಲಿ.”

ಅವನು ಕೌಂಟರಿನ ಗಾಜಿನ ಮೇಲೆ ಕೈಯೂರಿದ. ಹಿಂದೆ ಇನ್ನಿಬ್ಬರು ಗಿರಾಕಿಗಳು ಕಾಯುತ್ತಿದ್ದರು.

“ಅವತ್ತು ಒಬ್ರೇ ಮುಳ್ಳು ಎಳೀತಿದ್ರಲ್ಲ ಅಕ್ಕ. ನಾನೂ ಕೈ ಹಾಕ್ಬೇಕು ಅಂತ ಎರಡ್ ಹೆಜ್ಜೆ ಇಟ್ಟಿದ್ದೆ. ಪಕ್ಕದೋರು ಏನಂದ್ಕತಾರೋ ಅಂತ ನಿಂತ್ಬುಟ್ಟೆ. ಒಂದಿನ ಸಿಕ್ಕಿದ್ರೆ ಹೇಳಬೇಕು ಅಂತಿದ್ದೆ.”

ಅವನು ಚೀಲವನ್ನು ಎದೆಗೆ ಅವುಚಿಕೊಂಡು ಬಸ್ ಸ್ಟ್ಯಾಂಡ್ ಕಡೆ ನಡೆದ.

ಸಂಜೆ ಊರಿಗೆ ಬಂದು ಸೈಕಲ್ ಒಳಗಿಟ್ಟು, ಆ ಮಾತನ್ನು ಯಾರಿಗಾದರೂ ಹೇಳಬೇಕೆನಿಸಿ ಪಕ್ಕದ ಮನೆಯವರೆಗೆ ಹೋದೆ. ಬಾಗಿಲಿಗೆ ಬೀಗ ಹಾಕಿತ್ತು. ಹಾಕಿರುತ್ತದೆ ಅಂತ ನನಗೆ ಗೊತ್ತಿತ್ತು. ಆದರೂ ಮಾವ ಕವರಿಟ್ಟು ಕಾಯುತ್ತಿದ್ದ ಹಾಗೆ ಜಗುಲಿಯಿಂದ ಕೆಳಗೆ ಬೀದಿಗೆ ಸರಿದು ಸ್ವಲ್ಪ ಹೊತ್ತು ನಿಂತಿದ್ದೆ…